ಉಸ್ತಾದರ ಕಿವಿ ಮತ್ತು ಬ್ಯಾಟರಿ ಗನ್ನು

ಟ್ರ್ಯಾಕ್ಟರ್ ಚಕ್ರದ ನಟ್ಟನ್ನು ಗಾಳಿಯಿಂದ ಬಿಚ್ಚಬೇಕೋ ಬ್ಯಾಟರಿಯಿಂದ ಬಿಚ್ಚಬೇಕೋ ಎಂಬ ವಿಷಯಕ್ಕೆ ನಾನೂ ಉಸ್ತಾದರೂ ಒಂದು ಇಡೀ ತಿಂಗಳು ಮಾತು ಬಿಟ್ಟಿದ್ದೆವು. ಇದು ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಶೆಡ್ಡಿನಲ್ಲಿ ಅದಕ್ಕೆ ಮೊದಲೂ ಮಾತು ಇರಲಿಲ್ಲ.

ಕೂಡ್ಲಿಗಿಯ ಹಳೇ ರಸ್ತೆಯಲ್ಲಿ ನಮ್ಮದು ಟ್ರ್ಯಾಕ್ಟರ್ ರಿಪೇರಿ ಶೆಡ್ಡು. ಹೆದ್ದಾರಿ ಊರಿನ ಹೊರಗೆ ಹೋದ ಮೇಲೆ ಲಾರಿಗಳೂ ಅದರ ಜೊತೆ ಹೋದವು, ಟ್ರ್ಯಾಕ್ಟರುಗಳು ಉಳಿದವು. ಉಸ್ತಾದ್ ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ಕೈಕೆಳಗೆ ನಾಲ್ಕು ವರ್ಷ ಕೆಲಸ ಮಾಡಿ, ಆಮೇಲೆ ಪಾಲುದಾರನಾದೆ. ಪಾಲುದಾರನಾದ ಮೇಲೂ ಅವರು ನನ್ನನ್ನು ‘ಲೇ’ ಎಂದೇ ಕರೆದರು, ನಾನು ‘ರೀ’ ಎಂದೇ ಉಳಿದೆ. ಅದರಲ್ಲಿ ನನಗೆ ಬೇಜಾರಿಲ್ಲ. ಬೇರೆ ವಿಷಯಗಳಲ್ಲಿ ನನಗೆ ಬೇಜಾರು ಬೇಗ ಬರುತ್ತದೆ, ಸಿಟ್ಟು ಅದಕ್ಕಿಂತ ಬೇಗ ಬರುತ್ತದೆ. ಮನೆಯಲ್ಲೂ ಊರಿನಲ್ಲೂ ಇದು ಎಲ್ಲರಿಗೂ ತಿಳಿದ ಮಾತು.

ಶೆಡ್ಡಿನ ಹಿಂದಿನ ಮೂಲೆಯಲ್ಲಿ ಕಂಪ್ರೆಸರ್ ಇದೆ. ಎಮ್ಮೆಯಷ್ಟು ದೊಡ್ಡ ಟ್ಯಾಂಕು, ಅದರ ಬೆನ್ನ ಮೇಲೆ ಮೋಟರು. ಬೆಳಿಗ್ಗೆ ಸ್ವಿಚ್ ಹಾಕಿದರೆ ದಡದಡ ಶುರುವಾಗಿ, ಕರೆಂಟು ಹೋಗುವವರೆಗೆ ನಿಲ್ಲುತ್ತಿರಲಿಲ್ಲ. ಟ್ಯಾಂಕಿನಲ್ಲೆಲ್ಲೋ ಗಾಳಿ ಸೋರುತ್ತಿದ್ದುದರಿಂದ ಅದು ತುಂಬುವುದೇ ಇಲ್ಲ, ಮೋಟರು ನಿಲ್ಲುವುದೂ ಇಲ್ಲ. ಸರಿಮಾಡೋಣ ಎಂದು ನಾನು ಹತ್ತು ಸಲ ಹೇಳಿದ್ದೆ. ಎಲ್ಲಾ ರಿಪೇರಿ ಮಾಡುವ ಉಸ್ತಾದ್ ಅದನ್ನೊಂದು ಮಾತ್ರ ಮುಟ್ಟಿರಲಿಲ್ಲ. ಆ ಗಾಳಿಯಿಂದಲೇ ನಮ್ಮ ಗನ್ನು ತಿರುಗಿ ನಟ್ಟು ಬಿಚ್ಚುತ್ತಿತ್ತು. ಅದೇ ಗಾಳಿಯಲ್ಲಿ ಪಕ್ಕದ ಟೇಲರು ತನ್ನ ಮಷೀನಿನ ನೂಲಿನ ಕಸ ಊದಿಸಿಕೊಂಡು ಹೋಗುತ್ತಿದ್ದ, ಮೆಕ್ಕೆಜೋಳ ಒಕ್ಕಿಸಿ ಬಂದವರು ಅಂಗಿಯ ಧೂಳು ಕೊಡವಿಸಿಕೊಂಡು ಹೋಗುತ್ತಿದ್ದರು.

ಆ ಸದ್ದಿನಲ್ಲಿ ಮಾತಾಡುವುದು ಸುಳ್ಳು. ಅದಕ್ಕೇ ನಮ್ಮ ಶೆಡ್ಡಿನಲ್ಲಿ ಕೈಸನ್ನೆ. ಒಂದು ಬೆರಳು ತೋರಿಸಿ ಆಮೇಲೆ ಏಳು ತೋರಿಸಿದರೆ ನಟ್ಟು ಬಿಚ್ಚುವ ಹದಿನೇಳರ ಪಾನಾ. ಮುಷ್ಟಿ ಎಂದರೆ ಸುತ್ತಿಗೆ. ಅಂಗೈ ಕೆಳಗೆ ಮಾಡಿದರೆ ಜ್ಯಾಕು ಇಳಿಸು. ಹೆಬ್ಬೆರಳು ತುಟಿಗೆ ಹೋದರೆ ಚಹಾ. ಇದನ್ನು ನೋಡಿ ಬೇರೇನೋ ಸಿಗುತ್ತದೆ ಎಂದು ಕಾಯುತ್ತ ಕುಳಿತ ಗಿರಾಕಿಗಳು ಚಹಾ ಬಂದಾಗ ಸಪ್ಪಗಾದದ್ದೂ ಉಂಟು. ಈ ಸನ್ನೆಗಳೆಲ್ಲ ಉಸ್ತಾದರೇ ಮಾಡಿದವು. ಒಮ್ಮೆ ಹಗರಿಬೊಮ್ಮನಹಳ್ಳಿಯ ಒಂದು ಗ್ಯಾರೇಜಿಗೆ ಹೋದಾಗ ಅಲ್ಲಿ ಕಂಪ್ರೆಸರಿನ ಮುಂದೆ ನಿಂತು ಒಬ್ಬರಿಗೊಬ್ಬರು ಕಿರುಚಿಕೊಳ್ಳುವುದನ್ನು ಕಂಡೆ. ಇವರಿಗೆ ಕೆಲಸದ ಸಂಸ್ಕಾರ ಇಲ್ಲ ಎಂದುಕೊಂಡು ಬಂದೆ.

ಉಸ್ತಾದರ ಹೆಸರು ನಿಂತದ್ದು ಅವರ ಕಿವಿಯ ಮೇಲೆ. ಇಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾರೆ. ಇಂಜಿನ್ ಬಿಚ್ಚುವ ಮೊದಲೇ ಹೇಳುತ್ತಾರೆ, ಬಿಚ್ಚಿದಾಗ ಅದೇ ಇರುತ್ತದೆ. ಕೊಟ್ಟೂರಿನಿಂದ, ಹರಪನಹಳ್ಳಿಯಿಂದ, ಹಡಗಲಿಯಿಂದ ಜನ ದಾರಿಯಲ್ಲಿರುವ ಗ್ಯಾರೇಜುಗಳನ್ನೆಲ್ಲ ದಾಟಿ ನಮ್ಮಲ್ಲಿಗೆ ಬರುತ್ತಿದ್ದುದು ಇದಕ್ಕೇ. ಅದೂ ಎಂಥ ಗದ್ದಲದ ನಡುವೆ ಎಂಬುದು ಎಲ್ಲರಿಗೂ ಬೆರಗು. “ನಮಗ ನಮ್ಮ ಮಾತ ಕೇಳವಲ್ವು, ಉಸ್ತಾದ್ರಿಗೆ ಇಂಜಿನ್ನಿನ ಹೊಟ್ಟ್ಯಾಗಿಂದು ಕೇಳ್ತೈತಿ” ಎನ್ನುತ್ತಿದ್ದರು. ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. ಅವರ ಪಾಲುದಾರ ಎಂಬ ಜಂಬ ಸ್ವಲ್ಪ ನನಗೂ ಇತ್ತು.

ಹೋದ ವರ್ಷ ಬೇಸಿಗೆಗೆ ಮುಂಚೆ ನನ್ನ ಹೆಂಡತಿ ಒಂದು ದಿನ ಊಟಕ್ಕೆ ಬಡಿಸುತ್ತ, “ಯಾರ ಮ್ಯಾಲೆ ಸಿಟ್ಟು?” ಎಂದಳು.

“ಯಾರ ಮ್ಯಾಲೂ ಇಲ್ಲ.”

“ಮತ್ತ ಉಪ್ಪು ಕೇಳಾಕ ಹಿಂಗ್ಯಾಕ ಒದರ್ತೀರಿ? ಆಚಿ ಓಣಿಯವ್ರು ಉಪ್ಪು ತಂದ್ಕೊಟ್ಟಾರು.”

ನಾನು ಮೆತ್ತಗೇ ಕೇಳಿದ್ದೆ ಎಂದು ನನ್ನ ಲೆಕ್ಕ. ಅವಳ ಕಾಟಕ್ಕೆ ಹೊಸಪೇಟೆಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ಅವರು ನನ್ನನ್ನು ಒಂದು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಕೈ ಎತ್ತು ಎಂದರು. ನಾನು ಬಹಳ ಹೊತ್ತು ಕೈ ಎತ್ತದೆ ಕುಳಿತಿದ್ದೆ. ಇನ್ನೂ ಶುರು ಮಾಡಿಲ್ಲ ಎಂದುಕೊಂಡಿದ್ದೆ. ಅವರು ಅರ್ಧ ಮುಗಿಸಿದ್ದರಂತೆ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಕಂಪ್ರೆಸರಿನ ಸದ್ದಿನಿಂದ ದೂರ ಇರಿ ಎಂದು ಹೇಳಿ ಕಳಿಸಿದರು. ಮನೆಗೆ ಬಂದು ಹೆಂಡತಿಗೆ ಕಿವಿಯಲ್ಲಿ ಗುಗ್ಗೆ ಕಟ್ಟಿತ್ತಂತೆ ಎಂದೆ.

ನಿಜ ಹೇಳುತ್ತೇನೆ, ನನ್ನ ಕಿವಿಯ ಚಿಂತೆ ನನಗೆ ಅಷ್ಟು ಆಗಲಿಲ್ಲ. ನಟ್ಟು ಬಿಚ್ಚಲು ಕಿವಿ ಬೇಡ. ನನಗೆ ಚಿಂತೆಯಾದದ್ದು ಉಸ್ತಾದರ ಕಿವಿಯದು. ಅವರು ನನಗಿಂತ ಎಷ್ಟೋ ವರ್ಷ ಮೊದಲಿನಿಂದ ಆ ಸದ್ದಿನಲ್ಲಿದ್ದಾರೆ. ಅವರ ಕಿವಿ ಹೋದರೆ ಅವರು ಉಸ್ತಾದ್ ಅಲ್ಲ, ಸ್ಕ್ರೂಡ್ರೈವರ್ ಹಿಡಿದ ಒಬ್ಬ ಮುದುಕ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಕಂಪ್ರೆಸರ್ ತೆಗೆಸಿ ಬ್ಯಾಟರಿ ಗನ್ನು ತರಿಸಬೇಕು, ಕೆಲಸ ಬೇಗ ಆಗುತ್ತದೆ ಎಂಬ ನೆಪ ಹೇಳಬೇಕು ಎಂದು ತೀರ್ಮಾನಿಸಿದೆ.

ಹರಪನಹಳ್ಳಿಯ ಒಂದು ಅಂಗಡಿಯಲ್ಲಿ ಅದು ಸಿಕ್ಕಿತು. ಅಂಗಡಿಯವನು ಟೇಬಲ್ಲಿಗೆ ಕೂರಿಸಿದ್ದ ಒಂದು ನಟ್ಟನ್ನು ಗನ್ನಿನಿಂದ ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. “ನೋಡಿ ಸಾರ್, ಪೈಪಿಲ್ಲ, ವೈರಿಲ್ಲ, ಎಲ್ಲಿ ಬೇಕಾದ್ರೂ ತಗಂಡ್ ಹೋಗ್ಬೋದು” ಎಂದ. ಅಷ್ಟು ಸಲ ಬಿಚ್ಚಿಸಿಕೊಂಡ ನಟ್ಟು ಉಫ್ ಎಂದರೂ ಬಿಚ್ಚಿಕೊಳ್ಳುತ್ತಿತ್ತು. ತುಕ್ಕು ಹಿಡಿದದ್ದು ಒಂದು ಕೊಡು ಎಂದೆ. ಇಲ್ಲ ಎಂದ. ಎರಡು ಬ್ಯಾಟರಿ, ಒಂದು ಚಾರ್ಜರ್ ಸಮೇತ ತೆಗೆದುಕೊಂಡು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕುಳಿತ ಅಜ್ಜ ಕೊಟ್ಟೂರಿನಲ್ಲಿ ಇಳಿಯುವವರೆಗೂ ಅದನ್ನೇ ನೋಡುತ್ತಿದ್ದ.

ಉಸ್ತಾದ್ ಪೆಟ್ಟಿಗೆಯನ್ನು ತೆರೆಯಲೂ ಬಿಡಲಿಲ್ಲ. ಅಪರೂಪಕ್ಕೆ ಬಾಯಿಬಿಟ್ಟರು. ಅದೂ ನನ್ನನ್ನು ಶೆಡ್ಡಿನ ಹೊರಗೆ ಕರೆದು, ಎದುರಿಗೆ ನಿಲ್ಲಿಸಿಕೊಂಡು.

“ಅರ್ಧ ನಟ್ಟಿಗೆ ಬ್ಯಾಟರಿ ಸತ್ರ ಏನ್ ಮಾಡ್ತೀ?”

“ಇನ್ನೊಂದು ಐತಲ್ರಿ.”

“ಏರ್ ಫಿಲ್ಟರ್ ಹೆಂಗ ಊದ್ತೀ? ಬಾಯಿಲೆ?”

“ಅದಕ್ಕಷ್ಟ ಕಂಪ್ರೆಸರ್ ಹಚ್ಚೋಣ್ರಿ. ದಿನಾ ಪೂರ್ತಿ ಯಾಕ?”

“ಗಾಳಿ ಇರ್ಲಿ” ಎಂದರು. “ಗಾಳಿ ಇದ್ರ ಶೆಡ್ಡು ಜೀವಂತ ಐತಿ ಅನ್ನಿಸ್ತೈತಿ.”

ಇದೆಂಥ ಉತ್ತರ? ನನಗೆ ಪಿತ್ತ ನೆತ್ತಿಗೇರಿತು. ಅವರ ಕಿವಿ ಉಳಿಸಲು ನಾನು ಇಷ್ಟು ಒದ್ದಾಡುತ್ತಿದ್ದೇನೆ, ಇವರಿಗೆ ಹಟ. ಹೇಳಬಾರದ್ದು ಒಂದೆರಡು ಹೇಳಿದೆ. ವಯಸ್ಸಾದವರಿಗೆ ಹೊಸದು ಅಂದರೆ ಹೆದರಿಕೆ ಅಂದೆ. ಆ ತಿಂಗಳು ಸನ್ನೆಗಳೂ ಕಡಿಮೆಯಾದವು. ಚಹಾದ ಹೆಬ್ಬೆರಳನ್ನು ಇಬ್ಬರೂ ಬೇರೆ ಬೇರೆ ಎತ್ತಿದೆವು.

ಆಮೇಲೆ ಕೊಟ್ಟೂರಿನ ಕಡೆ ಒಂದು ಹೊಲದಲ್ಲಿ ಟ್ರ್ಯಾಕ್ಟರೊಂದು ಹಿಂದಿನ ಚಕ್ರ ಮುರಿದುಕೊಂಡು ಹೂತು ನಿಂತಿತು. ಅಲ್ಲಿಗೆ ಕಂಪ್ರೆಸರ್ ಹೋಗುವಂತಿರಲಿಲ್ಲ. ಉಸ್ತಾದ್ ಚಕ್ರದ ಪಾನಾಕ್ಕೆ ಮಾರುದ್ದದ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತರು. ನಟ್ಟು ಅಲ್ಲಾಡಲಿಲ್ಲ, ಪೈಪು ಬಾಗಿತು. ನಾನು ಬ್ಯಾಟರಿ ಗನ್ನು ತಂದು ನಟ್ಟಿಗೆ ಇಟ್ಟೆ. ಅದು ಎರಡು ನಿಮಿಷ ತಕರಾರು ಮಾಡಿ, ಒಂದರ ಹಿಂದೆ ಒಂದು ಎಂಟೂ ನಟ್ಟು ಬಿಚ್ಚಿತು. ಉಸ್ತಾದ್ ಎಂಟೂ ನಟ್ಟುಗಳನ್ನು ಎತ್ತಿ ನೋಡಿದರು, ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡರು.

“ಎಂಟು ದಿನ ನೋಡ್ತೀನಿ” ಎಂದರು. “ಎಂಟು ದಿನ ಕಂಪ್ರೆಸರ್ ಬಂದ್. ಆಮ್ಯಾಲೆ ನಾ ಹೇಳ್ದಂಗ.”

ಮೊದಲ ದಿನ ಸ್ವಿಚ್ ಹಾಕದೆ ಶೆಡ್ಡು ತೆರೆದಾಗ ನಾಲ್ಕು ಜನ ಬಂದು ಕರೆಂಟಿಲ್ಲೇನು ಎಂದು ಕೇಳಿದರು. ಇಬ್ಬರು ಯಾರು ತೀರಿಕೊಂಡರು ಎಂದು ಕೇಳಿದರು. ಬ್ಯಾಟರಿ ಗನ್ನೇನೂ ಮೂಗಬಸವ ಅಲ್ಲ, ಅದೂ ಕಟಕಟ ಅರಚುತ್ತದೆ. ಆದರೆ ಬೆರಳು ತೆಗೆದರೆ ಬಾಯಿ ಮುಚ್ಚುತ್ತದೆ. ಆ ಮೌನದಲ್ಲಿ ನಮ್ಮ ತಗಡಿನ ಮೇಲೆ ಗುಬ್ಬಿಗಳಿವೆ ಎಂಬುದು ಇಷ್ಟು ವರ್ಷದ ಮೇಲೆ ನನಗೆ ಗೊತ್ತಾಯಿತು. ನನಗೇ ಇಷ್ಟು ಕೇಳಿಸುವಾಗ ಉಸ್ತಾದರಿಗೆ ಎಷ್ಟು ಕೇಳಿಸುತ್ತಿರಬಹುದು ಎಂದು ನಾನು ಖುಷಿಪಟ್ಟೆ.

ಉಸ್ತಾದ್ ಮಾತ್ರ ಮುನಿಸಿಕೊಂಡವರಂತೆ ಇದ್ದರು. ಗಿರಾಕಿ ಬಂದರೆ ಟ್ರ್ಯಾಕ್ಟರಿನ ಅಡಿಗೆ ಹೋಗಿ ಮಲಗುತ್ತಿದ್ದರು, ಇಲ್ಲವೆ ಚಹಾದ ಅಂಗಡಿಗೆ ಹೊರಟುಬಿಡುತ್ತಿದ್ದರು. ಅವರ ಫೋನು ಬಂದರೆ “ಕೈ ಎಣ್ಣಿ ಆಗೈತಿ, ನೀ ಮಾತಾಡು” ಎಂದು ನನಗೇ ಕೊಡುತ್ತಿದ್ದರು. ಅದು ಹಳೆಯ ರೂಢಿ. ಅವರ ಕೈಗೆ ಎಣ್ಣೆಯಾಗದ ದಿನವನ್ನು ನಾನು ನೋಡಿಲ್ಲ.

ಮೂರನೇ ದಿನ ಮಧ್ಯಾಹ್ನ ಆಜಾನ್ ಕೇಳಿತು. ಮಸೀದಿ ನಮ್ಮಿಂದ ಎರಡು ಓಣಿ ಆಚೆಗಿದೆ. ಕಂಪ್ರೆಸರ್ ಇದ್ದ ಕಾಲದಲ್ಲಿ ಆಜಾನ್ ಶೆಡ್ಡಿನ ಒಳಗೆ ಬಂದದ್ದೇ ಇಲ್ಲ. ಎದುರಿನ ಪಂಕ್ಚರ್ ಅಂಗಡಿಯವರು ನಮಾಜಿಗೆ ಹೊರಟಾಗ ಕೈ ಎತ್ತುತ್ತಿದ್ದರು, ಉಸ್ತಾದ್ ನೋಡಿ ಎದ್ದು ಕೈ ತೊಳೆಯುತ್ತಿದ್ದರು. ಅಂದು ಪಂಕ್ಚರ್ ಅಂಗಡಿ ಮುಚ್ಚಿತ್ತು. ಆಜಾನ್ ಸ್ಪಷ್ಟವಾಗಿ ಬಂತು, ನನ್ನ ಕಿವಿಗೇ ಬಂತು. ಉಸ್ತಾದ್ ಬಾಗಿಲ ಹತ್ತಿರ ಕುಳಿತು ಕ್ಲಚ್ ಪ್ಲೇಟು ಉಜ್ಜುತ್ತಿದ್ದರು. ಅವರು ಪ್ಲೇಟು ಕೆಳಗಿಡುತ್ತಾರೆ ಎಂದು ನಾನು ಕಾದೆ. ಅವರು ಉಜ್ಜುತ್ತಲೇ ಇದ್ದರು. ಆಜಾನ್ ಮುಗಿಯಿತು. ಒಂದು ಗುಬ್ಬಿ ಕೂಗಿತು. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜಿದರು.

“ಉಸ್ತಾದ್ರೀ, ಆಜಾನ್ ಆತು” ಎಂದೆ. ಬೆನ್ನು ನನ್ನ ಕಡೆಗಿತ್ತು. ಇನ್ನೊಂದು ಸಲ ಜೋರಾಗಿ ಎಂದೆ. ಮೂರನೇ ಸಲ, ಹೆಂಡತಿ ಬೈದ ಆ ದನಿಯಲ್ಲಿ ಎಂದೆ. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ಉಸ್ತಾದ್ ತಿರುಗಲಿಲ್ಲ.

ನಾನು ಎದುರಿಗೆ ಹೋಗಿ ನಿಂತು ಮಸೀದಿಯ ಕಡೆ ಕೈ ತೋರಿಸಿದೆ. ಅವರು ನನ್ನ ಮುಖ ನೋಡಿದರು, ಮೂಲೆಯಲ್ಲಿ ಸುಮ್ಮನಿದ್ದ ಕಂಪ್ರೆಸರ್ ನೋಡಿದರು. “ಕೆಲಸದಾಗ ಇದ್ನಿ” ಎಂದು ಎದ್ದು ಹೋದರು.

ಅವರು ನಮಾಜಿನಿಂದ ಬರುವುದರೊಳಗೆ ನನಗೆ ಎಲ್ಲ ಹೊಳೆಯಿತು. ಕೈಸನ್ನೆ, ಎಣ್ಣೆಯ ಕೈ, ಸರಿಮಾಡದ ಆ ಸೋರುವ ಟ್ಯಾಂಕು. ಮನೆಯಲ್ಲಿ ಅವರ ಹೆಂಡತಿ, ನಮ್ಮ ಚಾಚಿ, ಕೂಗಿ ಕೂಗಿ ಮಾತಾಡುತ್ತಾರೆ, ಅದು ಅವರ ಗುಣ ಎಂದುಕೊಂಡಿದ್ದೆ. ಎಲ್ಲರೂ ಎದುರಿಗೆ ಬಂದು ಬಾಯಿ ದೊಡ್ಡದು ಮಾಡಿ ಮಾತಾಡಬೇಕಾದ ಜಾಗ ಕೂಡ್ಲಿಗಿಯಲ್ಲಿ ಒಂದೇ ಇತ್ತು, ಅದು ನಮ್ಮ ಶೆಡ್ಡು. ಅದನ್ನು ನಾನು ಬಂದ್ ಮಾಡಿಸಿದ್ದೆ. ಯಾವ ಕಿವಿಯನ್ನು ಉಳಿಸಲು ಹೊರಟಿದ್ದೆನೋ ಅದು ಎಂದೋ ಹೋಗಿತ್ತು, ಮತ್ತು ಅದು ಹೋದದ್ದು ಊರಿಗೆಲ್ಲ ಕಾಣುವಂತೆ ನಾನು ತೆರೆ ಸರಿಸಿದ್ದೆ. ನನಗೆ ಸಿಟ್ಟು ಬಂತು, ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲ ಎಂದು. ಆಮೇಲೆ ಅಳು ಬಂತು. ಯಾರೂ ಇರಲಿಲ್ಲ, ಹಾಗಾಗಿ ಸ್ವಲ್ಪ ಅತ್ತೆ.

ಮಾರನೆಯ ದಿನ ಮಾಗಳದಿಂದ ಒಂದು ಟ್ರ್ಯಾಕ್ಟರ್ ಬಂತು. ಮಾಲೀಕ ಮೆತ್ತನೆಯ ಮನುಷ್ಯ, ತಲೆ ತಗ್ಗಿಸಿ, ತುಟಿ ಅಲ್ಲಾಡಿಸದೆ ಮಾತಾಡುವವನು. ಜೊತೆಗೆ ಇಬ್ಬರು ನೆಂಟರು. ಇಂಜಿನ್ನಿನಲ್ಲಿ ಕಟಕಟ ಸದ್ದು ಬರುತ್ತಿದೆ, ಪೂರ್ತಿ ಬಿಚ್ಚಬೇಕು ಎಂದು ಬೇರೆ ಕಡೆ ಹೇಳಿದ್ದಾರೆ, ಉಸ್ತಾದ್ ಒಂದು ಸಲ ಕಿವಿ ಇಟ್ಟು ಹೇಳಿದರೆ ಸಾಕು ಎಂದು ಅಷ್ಟು ದೂರದಿಂದ ಬಂದಿದ್ದರು. ಉಸ್ತಾದರಿಗೆ ಟ್ರ್ಯಾಕ್ಟರಿನ ಅಡಿಗೆ ಹೋಗಲು ಪುರುಸೊತ್ತು ಸಿಗಲಿಲ್ಲ. ಅವರು ಬೆಂಚಿನ ಕಡೆ ಮುಖ ಮಾಡಿ ನಿಂತಿದ್ದರು.

“ಉಸ್ತಾದ್ರೀ, ಬೆಳಿಗ್ಗಿ ಚಾಲೂ ಮಾಡ್ದಾಗ ಜಾಸ್ತಿ ಬರ್ತೈತ್ರಿ” ಎಂದ ಮಾಲೀಕ.

ಉಸ್ತಾದ್ ತಿರುಗಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ನೆಂಟರಲ್ಲಿ ಒಬ್ಬ ಇನ್ನೊಬ್ಬನಿಗೆ, “ಕಿವಿ ಉಸ್ತಾದ್ ಅಂದ್ರ ಇವ್ರನಾ? ಕರದ್ರೂ ನೋಡವಲ್ರಲ್ಲ” ಎಂದ. ಇನ್ನೊಬ್ಬ ತನ್ನ ಕಿವಿ ಮುಟ್ಟಿಕೊಂಡು, ಏನು ಎಂಬಂತೆ ಹುಬ್ಬು ಹಾರಿಸಿದ. ಮಾಲೀಕನೂ ಅತ್ತ ನೋಡಿದ. ಇನ್ನು ಅರೆ ನಿಮಿಷ ಹೋದರೆ ಮಾಗಳಕ್ಕೆ ಸುದ್ದಿ ಹೋಗುತ್ತದೆ, ಸಂಜೆಯೊಳಗೆ ಹಡಗಲಿಗೆ ಹೋಗುತ್ತದೆ.

ನಾನು ಹೋಗಿ ಕಂಪ್ರೆಸರಿನ ಸ್ವಿಚ್ ಹಾಕಿದೆ.

ದಡದಡ ಶುರುವಾಯಿತು. ನೆಲ ನಡುಗಿದ್ದು ಕಾಲಿಗೆ ತಿಳಿದಿರಬೇಕು, ಉಸ್ತಾದ್ ತಕ್ಷಣ ತಿರುಗಿದರು. ಮೊದಲು ನನ್ನನ್ನು ನೋಡಿದರು, ಆಮೇಲೆ ಗಿರಾಕಿಗಳನ್ನು. ಮಾಲೀಕ ಪಾಪ ಹತ್ತಿರ ಬಂದು, ತಲೆ ಎತ್ತಿ, ಬಾಯಿ ಅಗಲಿಸಿ ಕೂಗಿದ. ಉಸ್ತಾದ್ ಅವನ ಬಾಯಿ ನೋಡಿ ತಲೆಯಾಡಿಸಿದರು. ಇಂಜಿನ್ ಚಾಲೂ ಮಾಡಿಸಿದರು, ಸ್ಕ್ರೂಡ್ರೈವರ್ ಕಿವಿಗೆ ಒತ್ತಿಕೊಂಡರು, ಕಣ್ಣು ಮುಚ್ಚಿದರು. ಎಲ್ಲರೂ ಅವರ ಕಿವಿ ನೋಡುತ್ತಿದ್ದರು. ನಾನು ಮೊದಲ ಸಲ ಅವರ ಎಡಗೈ ನೋಡಿದೆ. ಅದು ಇಂಜಿನ್ನಿನ ಮೈಮೇಲೆ ಅಂಗೈ ಹಾಸಿಕೊಂಡು ಕುಳಿತಿತ್ತು. ಮೆಲ್ಲಗೆ ಒಂದು ಗೇಣು ಮುಂದೆ ಸರಿಯಿತು, ನಿಂತಿತು, ಇನ್ನಷ್ಟು ಸರಿಯಿತು.

ಉಸ್ತಾದ್ ಕಣ್ಣು ತೆರೆದು ನನಗೆ ಎರಡು ಬೆರಳು ತೋರಿಸಿದರು, ಆಮೇಲೆ ಉಗುಳುವಂತೆ ತುಟಿ ಚಾಚಿದರು. ಎರಡನೇ ಸಿಲಿಂಡರಿನ ನಾಜಲ್. ಡೀಸೆಲ್ ಚಿಮ್ಮಿಸುವ ಅದನ್ನು ಬಿಚ್ಚಿ ಬೇರೆ ಹಾಕಿದೆ. ಸದ್ದು ನಿಂತಿತು.

“ಇಷ್ಟ್ ಗದ್ಲದಾಗೂ ಹೆಂಗ ಕೇಳ್ತೈತ್ರಿ ನಿಮಗ?” ಎಂದು ಮಾಲೀಕ ಕೂಗಿದ.

“ರೂಢಿ” ಎಂದರು ಉಸ್ತಾದ್.

ಈಗ ನಮ್ಮಲ್ಲಿ ಅದೇ ಪದ್ಧತಿ. ನಟ್ಟು ಬಿಚ್ಚುವುದು ಬ್ಯಾಟರಿ, ಗಿರಾಕಿ ಬಂದಾಗ ಓಡುವುದು ಕಂಪ್ರೆಸರ್. ಗಿರಾಕಿ ಹೋದ ಮೇಲೆ ಅದನ್ನು ನಿಲ್ಲಿಸುತ್ತೇವೆ, ಓಡುವಾಗ ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ. ಬೇರೆ ಗ್ಯಾರೇಜಿನವರು ಬಂದು ಯಾವುದು ತೆಗೆದುಕೊಳ್ಳೋಣ, ಗಾಳಿಯದೋ ಬ್ಯಾಟರಿಯದೋ ಎಂದು ಕೇಳಿದರೆ ಎರಡೂ ಬೇಕು ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ, ಏರ್ ಫಿಲ್ಟರ್ ಊದಬೇಕಲ್ಲ ಎನ್ನುತ್ತೇನೆ.

ಆದರೆ ಅಂದು ಮಾಗಳದವರು ಹೋದ ಮೇಲೆ ಆದದ್ದನ್ನು ಹೇಳಬೇಕು. ನಾನು ಕಂಪ್ರೆಸರ್ ನಿಲ್ಲಿಸಿ ಪಾನಾಗಳನ್ನು ಒರೆಸುತ್ತಿದ್ದೆ. ಉಸ್ತಾದ್ ಬಂದು ಎದುರಿಗೆ ನಿಂತರು.

“ಗಾಳಿ ಯಾತಕ್ಕ ಬೇಕಾಗಿತ್ತು?”

“ಫಿಲ್ಟರ್ ಊದಾಕ್ರಿ.”

“ಊದಿದೇನು?”

“ಇಲ್ಲ.”

ಅವರು ಶೆಡ್ಡಿನಲ್ಲಿ ನಿಂತಿದ್ದ ಇನ್ನೊಂದು ಟ್ರ್ಯಾಕ್ಟರಿನ ಇಂಜಿನ್ ಚಾಲೂ ಮಾಡಿದರು. ನನ್ನ ಬಲಗೈ ಹಿಡಿದು ತಂದು, ಇಂಜಿನ್ನಿನ ಮೈಮೇಲೆ ಹಾಸಿ, ಮೇಲೆ ತಮ್ಮ ಕೈಯಿಟ್ಟು ಒತ್ತಿದರು. ಒಂದು ಬೆರಳು ತೋರಿಸಿ ಸ್ವಲ್ಪ ಸರಿಸಿದರು, ಎರಡು ತೋರಿಸಿ ಇನ್ನಷ್ಟು ಸರಿಸಿದರು. ನನಗೆ ಬಿಸಿ ಮಾತ್ರ ತಿಳಿಯಿತು.

“ಏನೂ ತಿಳಿಯವಲ್ದ್ರೀ” ಎಂದೆ.

“ನನಗೂ ಎಂಟೊರ್ಷ ಹಿಡೀತು. ನೀ ಈಗ್ಲೇ ಸುರು ಮಾಡು.”

“ನನಗ್ಯಾಕ್ರಿ? ನನ್ನ ಕಿವಿ ಚಲೋ ಅದಾವು.” ಡಾಕ್ಟರ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಉಸ್ತಾದ್ ನನ್ನ ಕೈಯನ್ನು ಮೂರನೇ ಸಿಲಿಂಡರಿಗೆ ಸರಿಸಿದರು.

“ನೀ ನನ್ನ ಬಾಯಿ ನೋಡಾಕ ಹತ್ತಿ ಒಂದ್ ವರ್ಷ ಆತಲೇ” ಎಂದರು.